ಗಣಕಯಂತ್ರದ ಕಸದ ಬುಟ್ಟಿ

ಕಚೇರಿಯ ಫೈಲಿಗೆ ನಾವು ಕನ್ನಡದಲ್ಲಿ 'ಕಡತ' ಎನ್ನುತ್ತೇವೆ. ಗಣಕಯಂತ್ರದ ಫೈಲಿಗೂ ಇಂದು ಅದೇ ಹೆಸರು ರೂಢಿಗೆ ಬಂದಿದೆ. ಈ ಮಾತು ಬಹು ಹಳೆಯದು. ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಅರಿವೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕೂಡಿಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟರೆ ಕಡತವು ಸಿದ್ಧವಾಗುತ್ತಿತ್ತು. ಅದರ ಕರಿಯ ಮೈಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ವರ್ತಕರ ಲೆಕ್ಕಪತ್ರಗಳು, ಮಠಗಳ ಆಯವ್ಯಯಗಳು ಇಂಥ ಕಡತಗಳಲ್ಲಿ ಇರುತ್ತಿದ್ದುವು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಅಮೂಲ್ಯವಾದ ಆಕರಗಳಾಗಿವೆ.

ಈ ಕಡತಕ್ಕೆ ಒಂದು ವಿಶೇಷ ಗುಣವಿದ್ದಿತು. ಅಗತ್ಯ ತೀರಿದ ಬರಹವನ್ನು ಅರಿವೆಯ ತುಂಡಿನಿಂದ ಒರಸಿ, ಅದೇ ಸ್ಥಳದಲ್ಲಿ ಹೊಸದನ್ನು ಬರೆಯಬಹುದಾಗಿತ್ತು. ಒರಸಿದಾಗ ಬಳಪದ ಪುಡಿಯು ಬಟ್ಟೆಯನ್ನು ಬಿಟ್ಟು ಹೋಗುತ್ತಿತ್ತು. ಅಕ್ಷರವು ನಿಜವಾಗಿಯೂ ಇಲ್ಲವಾಗುತ್ತಿತ್ತು. ಹತ್ತು ಸಾಲನ್ನು ಒರಸಲು ಹತ್ತು ಸಾಲಿನಷ್ಟು ಶ್ರಮ ಬೇಕು. ಅಳಿಸುವುದೆಂದರೆ ಏನೆಂಬ ವಿಷಯದಲ್ಲಿ ಆ ಕಾಲದ ಶಾನುಭೋಗನಿಗೆ ಯಾವ ಸಂದೇಹವೂ ಇರಲಿಲ್ಲ.

ಇಂದಿನ ಕಡತದ ಮಾತು ಹಾಗಲ್ಲ. ಗಣಕಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಯು ಒಂದು ಕಡತವನ್ನು ಆರಿಸಿ 'ಡಿಲೀಟ್' ಎಂಬ ಕೀಲಿಯನ್ನು ಒತ್ತುತ್ತಾನೆ. ಕಡತವು ಕಣ್ಮರೆಯಾಗಿ, ತೆರೆಯ ಮೂಲೆಯಲ್ಲಿರುವ ಪುಟ್ಟ ಕಸದ ಬುಟ್ಟಿಯ ಚಿತ್ರದಲ್ಲಿ ಕಾಗದದ ಉಂಡೆಗಳು ಕಾಣಿಸಿಕೊಳ್ಳುತ್ತವೆ. 'ಅದು ಹೋಯಿತು' ಎಂದು ಆತ ತಿಳಿಯುತ್ತಾನೆ. ಆದರೆ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗಲೆಲ್ಲ ನಮಗೆ ಮೂರು ಬಗೆಯ ಉತ್ತರಗಳು ದೊರೆತಿವೆ. 'ನಾಶವಾಯಿತು' ಎಂಬುದು ಒಂದು. 'ಬುಟ್ಟಿಗೆ ಹೋಯಿತು, ಬುಟ್ಟಿಯನ್ನು ಬರಿದು ಮಾಡಿದರೆ ನಾಶವಾಗುತ್ತದೆ' ಎಂಬುದು ಇನ್ನೊಂದು. 'ಬುಟ್ಟಿಯಲ್ಲಿ ಭದ್ರವಾಗಿರುತ್ತದೆ, ಬೇಕಾದಾಗ ತೆಗೆದುಕೊಳ್ಳಬಹುದು' ಎಂಬುದು ಮೂರನೆಯದು. ಮೂರೂ ಸಂಪೂರ್ಣವಾಗಿ ಸರಿಯಲ್ಲ. ಈ ತಪ್ಪು ತಿಳಿವಳಿಕೆಯಿಂದ ಬೇಕಾದ ಕಡತವನ್ನು ಕಳೆದುಕೊಂಡವರೂ ಉಂಟು, ಕಳೆಯಬೇಕಾದ ಕಡತವನ್ನು ಪರರ ಕೈಗೆ ಕೊಟ್ಟವರೂ ಉಂಟು. ಆದುದರಿಂದ ಈ ಬುಟ್ಟಿಯ ಒಳಗನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ.

ಬುಟ್ಟಿ ಬಂದ ಬಗೆ

ಗಣಕಯಂತ್ರಗಳ ಆರಂಭದ ದಿನಗಳಲ್ಲಿ ತೆರೆಯ ಮೇಲೆ ಚಿತ್ರಗಳಿರಲಿಲ್ಲ. ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಬರೆದು ತಿಳಿಸಬೇಕಾಗಿತ್ತು. 'ಅಳಿಸು' ಎಂದು ಬರೆದರೆ ಯಂತ್ರವು ಮರುಪ್ರಶ್ನೆ ಕೇಳದೆ ಅಳಿಸುತ್ತಿತ್ತು. ಕಸದ ಬುಟ್ಟಿಯ ಕಲ್ಪನೆಯನ್ನು ಮಾರುಕಟ್ಟೆಗೆ ತಂದ ಯಂತ್ರಗಳಲ್ಲಿ ಮುಖ್ಯವಾದುವು ಆಪಲ್ ಸಂಸ್ಥೆಯ ಎರಡು: ೧೯೮೩ರ ಲೀಸಾ, ೧೯೮೪ರ ಮ್ಯಾಕಿಂಟಾಷ್. ಮೇಜು, ಕಾಗದ, ಕಡತಕೋಶ, ಬುಟ್ಟಿ ಎಂದು ಕಚೇರಿಯ ಪರಿಕರಗಳನ್ನೆಲ್ಲ ತೆರೆಯ ಮೇಲೆ ಚಿತ್ರಿಸಿದರೆ, ಯಂತ್ರವನ್ನು ಅರಿಯದವನೂ ಅದನ್ನು ನಡೆಸಬಲ್ಲನೆಂಬುದು ಅವರ ಆಲೋಚನೆ. ಅದು ಬಹುಮಟ್ಟಿಗೆ ನಿಜವೂ ಆಯಿತು. ೧೯೯೫ರ ಆಗಸ್ಟ್ ೨೪ರಂದು ಮೈಕ್ರೊಸಾಫ್ಟ್ ಸಂಸ್ಥೆಯು ವಿಂಡೋಸ್ ೯೫ ಎಂಬ ವ್ಯವಸ್ಥೆಯನ್ನು ಹೊರತಂದಾಗ ಅದರಲ್ಲಿಯೂ ಇಂಥ ಬುಟ್ಟಿ ಇದ್ದಿತು. ಅದರ ಹೆಸರು ಮಾತ್ರ ಬೇರೆ: 'ರಿಸೈಕಲ್ ಬಿನ್', ಎಂದರೆ ಮರುಬಳಕೆಯ ಬುಟ್ಟಿ.

ಹೆಸರು ಏನೇ ಇರಲಿ, ಬುಟ್ಟಿಯನ್ನು ಇಟ್ಟುದರ ಉದ್ದೇಶವನ್ನು ನಾವು ಗಮನಿಸಬೇಕು. ಕಸವನ್ನು ಹೊರಹಾಕುವುದಕ್ಕಾಗಿ ಅದನ್ನು ಇಡಲಿಲ್ಲ. ಹೊರಹಾಕುವ ಕೈಯನ್ನು ಒಂದು ಕ್ಷಣ ತಡೆಯುವುದಕ್ಕಾಗಿ ಇಟ್ಟರು. ಮನುಷ್ಯನು ಅವಸರದಲ್ಲಿ ತಪ್ಪು ಮಾಡುತ್ತಾನೆ. ಆ ತಪ್ಪನ್ನು ತಿದ್ದಿಕೊಳ್ಳಲು ಸ್ವಲ್ಪ ಕಾಲಾವಕಾಶ ಬೇಕು. ಬುಟ್ಟಿಯು ಆ ಅವಕಾಶ.

ಎಲ್ಲ ಬುಟ್ಟಿಗಳೂ ಒಂದೇ ರೀತಿ ವರ್ತಿಸುವುದಿಲ್ಲವೆಂಬುದು ಆರಂಭದಿಂದಲೂ ಜನರನ್ನು ಗೊಂದಲಕ್ಕೆ ಈಡುಮಾಡಿದ ಸಂಗತಿ. ಮೊದಮೊದಲ ಮ್ಯಾಕಿಂಟಾಷಿನಲ್ಲಿ ಯಂತ್ರವನ್ನು ನಿಲ್ಲಿಸಿದರೆ ಬುಟ್ಟಿಯು ತಾನಾಗಿಯೇ ಬರಿದಾಗುತ್ತಿತ್ತು. ೧೯೯೧ರ 'ಸಿಸ್ಟಮ್ ೭'ರ ಬಳಿಕ, ನಾವಾಗಿ ಬರಿದು ಮಾಡುವವರೆಗೆ ಅದು ತುಂಬಿಕೊಂಡೇ ಇರತೊಡಗಿತು. ಅದೇ ಯಂತ್ರದಲ್ಲಿ ಫ್ಲಾಪಿ ತಟ್ಟೆಯನ್ನು ಹೊರಗೆ ತೆಗೆಯಲು ಅದರ ಚಿತ್ರವನ್ನು ಕಸದ ಬುಟ್ಟಿಗೆ ಎಳೆಯಬೇಕಾಗಿತ್ತು. ತಟ್ಟೆಯಲ್ಲಿರುವುದೆಲ್ಲ ನಾಶವಾದೀತೆಂದು ಹೊಸಬರು ಹೆದರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಉಪಮಾನವೊಂದನ್ನು ಅದು ಸಲ್ಲದ ಕಡೆಗೂ ಎಳೆದರೆ ಹೀಗಾಗುತ್ತದೆ.

ಬಂದರಿನ ಗೋದಾಮು

ಕಡತವು ಬುಟ್ಟಿಗೆ ಬಿದ್ದಾಗ ಒಳಗೆ ಏನು ನಡೆಯುತ್ತದೆಂಬುದನ್ನು ಅರಿಯಲು ನಮ್ಮ ಊರಿನಿಂದಲೇ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಮಂಗಳೂರಿನ ಬಂದರು ಪ್ರದೇಶದಲ್ಲಿ ಅಡಿಕೆಯ ದೊಡ್ಡದೊಂದು ಗೋದಾಮು ಇದೆಯೆಂದು ಊಹಿಸಿಕೊಳ್ಳಿರಿ. ಅದರ ನೆಲವನ್ನು ಒಂದು ಸಾವಿರ ಅಂಕಣಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಬಾಗಿಲ ಬಳಿ ಕುಳಿತ ಗುಮಾಸ್ತನ ಮುಂದೆ ದಾಸ್ತಾನು ಪುಸ್ತಕವುಂಟು. ಯಾವ ಮಾಲು ಯಾವ ಯಾವ ಅಂಕಣಗಳಲ್ಲಿದೆ, ಯಾವ ಅಂಕಣಗಳು ಖಾಲಿ ಇವೆ ಎಂಬುದು ಅದರಲ್ಲಿ ಬರೆದಿದೆ. ಗುಮಾಸ್ತನು ಗೋದಾಮಿನೊಳಗೆ ಹೋಗಿ ನೋಡುವುದೇ ಇಲ್ಲ. ಪುಸ್ತಕವೇ ಅವನಿಗೆ ಪ್ರಮಾಣ.

ಗಣಕಯಂತ್ರದ ಹಾರ್ಡ್ ಡಿಸ್ಕು ಇಂಥ ಗೋದಾಮು. ಕಡತದ ವಿಷಯವು ಅದರ ಅಂಕಣಗಳಲ್ಲಿ ಹರಡಿಕೊಂಡಿರುತ್ತದೆ. ಕಡತದ ಹೆಸರೂ ಅದರ ಅಂಕಣಗಳ ಸಂಖ್ಯೆಯೂ ಡಿಸ್ಕಿನ ಇನ್ನೊಂದು ಭಾಗದಲ್ಲಿ, ಒಂದು ಸೂಚಿಯಲ್ಲಿ ಇರುತ್ತವೆ.

ನೀವು 'ಡಿಲೀಟ್' ಕೀಲಿಯನ್ನು ಒತ್ತಿದಾಗ ಗುಮಾಸ್ತನು ಮಾಡುವುದಿಷ್ಟೆ: ದಾಸ್ತಾನು ಪುಸ್ತಕದ ಒಂದು ಪುಟದಲ್ಲಿದ್ದ ನಮೂದನ್ನು ತೆಗೆದು, 'ಹೊರಹಾಕಬೇಕಾದುದು' ಎಂಬ ಕೊನೆಯ ಪುಟದಲ್ಲಿ ಬರೆದಿಡುತ್ತಾನೆ. ಇಂದಿನ ವಿಂಡೋಸ್ ವ್ಯವಸ್ಥೆಯಲ್ಲಿ ಅಂಥ ಕಡತಕ್ಕೆ ಒಂದು ಹೊಸ ಗುಪ್ತನಾಮವನ್ನು ಕೊಟ್ಟು, ಅದರ ಜೊತೆಗೆ ಇನ್ನೊಂದು ಚಿಕ್ಕ ಕಡತವನ್ನೂ ಸೃಷ್ಟಿಸಲಾಗುತ್ತದೆ. ಮೂಲ ಕಡತವು ಎಲ್ಲಿದ್ದಿತು, ಯಾವ ದಿನ ಯಾವ ಗಳಿಗೆಯಲ್ಲಿ ಅದನ್ನು ತೆಗೆದರು ಎಂಬುದು ಆ ಚಿಕ್ಕ ಕಡತದಲ್ಲಿ ದಾಖಲಾಗುತ್ತದೆ. 'ಮರಳಿಸು' ಎಂದಾಗ ಕಡತವು ತನ್ನ ಹಿಂದಿನ ಸ್ಥಾನಕ್ಕೆ ತಪ್ಪದೆ ಬರುವುದು ಇದರಿಂದಲೇ. ಮೂಟೆಯಾದರೋ ತನ್ನ ಅಂಕಣದಿಂದ ಅಂಗುಲದಷ್ಟೂ ಕದಲಿಲ್ಲ.

ಇದರಿಂದ ಒಂದು ಸಾಮಾನ್ಯ ತಪ್ಪುಕಲ್ಪನೆಯು ನಿವಾರಣೆಯಾಗುವುದು. ಡಿಸ್ಕಿನಲ್ಲಿ ಸ್ಥಳವಿಲ್ಲವೆಂದು ಯಂತ್ರವು ದೂರಿದಾಗ ಅನೇಕರು ದೊಡ್ಡ ದೊಡ್ಡ ಚಲನಚಿತ್ರಗಳನ್ನು ಬುಟ್ಟಿಗೆ ತಳ್ಳಿ, 'ಆದರೂ ಸ್ಥಳವಾಗಲಿಲ್ಲವಲ್ಲ!' ಎಂದು ಬೆರಗಾಗುತ್ತಾರೆ. ಆಗುವುದಾದರೂ ಹೇಗೆ? ಮೂಟೆಯು ಅಲ್ಲಿಯೇ ಇದೆ, ಅಂಕಣವು ಖಾಲಿಯೆಂದು ಪುಸ್ತಕದಲ್ಲಿ ಬರೆದೂ ಇಲ್ಲ. ತೆರೆಯ ಮೇಲಿರುವ ಕಾರ್ಯಕ್ರಮದ ಚಿತ್ರವನ್ನು ಬುಟ್ಟಿಗೆ ಎಸೆದು, ಆ ಕಾರ್ಯಕ್ರಮವನ್ನೇ ತೆಗೆದುಹಾಕಿದೆವೆಂದು ತಿಳಿಯುವವರೂ ಇದ್ದಾರೆ. ಅವರು ಎಸೆದುದು ಅಂಗಡಿಯ ದಾರಿಯನ್ನು ತೋರಿಸುವ ಹಲಗೆಯನ್ನು. ಅಂಗಡಿಯು ಎಂದಿನಂತೆ ತೆರೆದೇ ಇದೆ.

ಬುಟ್ಟಿಯನ್ನು ಬರಿದು ಮಾಡಿದರೆ?

ಈಗ ಎರಡನೆಯ ಹೆಜ್ಜೆಗೆ ಬರೋಣ. 'ಬುಟ್ಟಿಯನ್ನು ಬರಿದು ಮಾಡು' ಎಂದಾಗ ಗುಮಾಸ್ತನು ಕೊನೆಯ ಪುಟದ ನಮೂದನ್ನು ಹೊಡೆದುಹಾಕಿ, ಆ ಅಂಕಣಗಳ ಎದುರಿಗೆ 'ಖಾಲಿ' ಎಂದು ಬರೆಯುತ್ತಾನೆ. ಮೂಟೆಯನ್ನು ಈಗಲೂ ಯಾರೂ ಮುಟ್ಟುವುದಿಲ್ಲ! ಹೊಸ ಮಾಲು ಬಂದು ಆ ಅಂಕಣವೇ ಬೇಕಾದಾಗ ಮಾತ್ರ ಹಳೆಯ ಮೂಟೆಯ ಜಾಗವನ್ನು ಹೊಸದು ಆಕ್ರಮಿಸುತ್ತದೆ. ಅದು ಮುಂದಿನ ಕ್ಷಣದಲ್ಲಿ ಆಗಬಹುದು, ಒಂದು ವರ್ಷದ ಮೇಲೂ ಆಗಬಹುದು.

ಇದು ಕೇವಲ ದೃಷ್ಟಾಂತದ ಮಾತಲ್ಲ. ಹಿಂದಿನ ಡಾಸ್ ಎಂಬ ವ್ಯವಸ್ಥೆಯಲ್ಲಿ ಕಡತವನ್ನು ಅಳಿಸಿದಾಗ ಅದರ ಹೆಸರಿನ ಮೊದಲ ಅಕ್ಷರದ ಸ್ಥಾನದಲ್ಲಿ ೨೨೯ ಎಂಬ ಸಂಕೇತಾಂಕವನ್ನು ಬರೆದು, ಅಂಕಣಗಳನ್ನು ಖಾಲಿಯೆಂದು ಗುರುತಿಸುತ್ತಿದ್ದರು, ಅಷ್ಟೆ. ಆದಕಾರಣವೇ ೧೯೯೧ರ ಡಾಸ್ ೫ರಲ್ಲಿ ಅಳಿಸಿದ್ದನ್ನು ಮರಳಿ ಪಡೆಯುವ ಒಂದು ಆಜ್ಞೆಯನ್ನೂ ಕೊಡಲು ಸಾಧ್ಯವಾಯಿತು. ಆ ಆಜ್ಞೆಯು ಬಳಕೆದಾರನನ್ನು ಕೇಳುತ್ತಿದ್ದ ಪ್ರಶ್ನೆಯು ಸ್ವಾರಸ್ಯವಾದುದು: 'ಈ ಕಡತದ ಹೆಸರಿನ ಮೊದಲ ಅಕ್ಷರ ಯಾವುದು?' ಅದೊಂದು ಅಕ್ಷರವನ್ನು ಬಿಟ್ಟು ಉಳಿದ ಹೆಸರೆಲ್ಲ ಡಿಸ್ಕಿನಲ್ಲಿಯೇ ಇರುತ್ತಿತ್ತಲ್ಲವೆ! ನೀವು ಇಂದು ಜೇಬಿನಲ್ಲಿಟ್ಟುಕೊಂಡು ತಿರುಗುವ ಪೆನ್ ಡ್ರೈವುಗಳಲ್ಲಿ ಅನೇಕವು ಇದೇ ವಂಶದ ವ್ಯವಸ್ಥೆಯನ್ನು ಈಗಲೂ ಬಳಸುತ್ತವೆ.

ಭೌತವಿಜ್ಞಾನದ ವಿದ್ಯಾರ್ಥಿಯು ಈ ಸತ್ಯವನ್ನು ಪುಸ್ತಕದ ನೆರವಿಲ್ಲದೆ, ಕೈಗಡಿಯಾರವೊಂದರಿಂದಲೇ ಊಹಿಸಬಹುದು. ಒಂದು ಸಾಧಾರಣ ಹಾರ್ಡ್ ಡಿಸ್ಕು ಸೆಕೆಂಡಿಗೆ ಸುಮಾರು ೧೫ ಕೋಟಿ ಬೈಟುಗಳನ್ನು ಬರೆಯಬಲ್ಲುದೆಂದು ಇಟ್ಟುಕೊಳ್ಳೋಣ. ೪೦೦ ಕೋಟಿ ಬೈಟುಗಳ ಒಂದು ಚಲನಚಿತ್ರವನ್ನು ನಿಜವಾಗಿ ಒರಸಬೇಕಾದರೆ ಅದರ ಮೇಲೆ ಅಷ್ಟೇ ಬೈಟುಗಳನ್ನು ಬರೆಯಬೇಕು. ಅದಕ್ಕೆ ಸುಮಾರು ೨೭ ಸೆಕೆಂಡುಗಳಾದರೂ ಹಿಡಿಯುತ್ತವೆ. ಒಂದು ಲಕ್ಷ ಕೋಟಿ ಬೈಟುಗಳ, ಎಂದರೆ ಒಂದು ಟೆರಾಬೈಟಿನ ಇಡೀ ಡಿಸ್ಕನ್ನು ಒರಸಲು ೬,೬೬೭ ಸೆಕೆಂಡು, ಅರ್ಥಾತ್ ಸುಮಾರು ೧ ಗಂಟೆ ೫೧ ನಿಮಿಷ ಬೇಕು. ಆದರೆ ಬುಟ್ಟಿಯಲ್ಲಿರುವ ಚಲನಚಿತ್ರವು ಕಣ್ಣೆವೆ ಮುಚ್ಚುವಷ್ಟರಲ್ಲಿ ಮಾಯವಾಗುತ್ತದೆ. ಇಷ್ಟು ಬೇಗ ಮುಗಿದ ಕೆಲಸವು ಒರಸುವ ಕೆಲಸವಾಗಿರಲಾರದು.

ಅಳಿಸುವುದರ ಬೆಲೆ

ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಕೋಬಾಲ್ಟ್ ಮಿಶ್ರಲೋಹದ ತೆಳ್ಳನೆಯ ಲೇಪವಿರುತ್ತದೆ. ಅದರ ಸೂಕ್ಷ್ಮ ಕಣಗಳು ಎಳೆ ಎಳೆಯ ಅಯಸ್ಕಾಂತಗಳು. ಅವುಗಳ ದಿಕ್ಕುಗಳ ವ್ಯತ್ಯಾಸದಲ್ಲಿ ಸೊನ್ನೆ ಮತ್ತು ಒಂದು ಎಂಬ ಅಂಕೆಗಳು ಅಡಗಿರುತ್ತವೆ. ಬೇರೊಂದು ಕ್ಷೇತ್ರವು ಬಂದು ತಿರುಗಿಸುವವರೆಗೆ ಆ ಅಯಸ್ಕಾಂತಗಳು ತಮ್ಮ ದಿಕ್ಕನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಸೂಚಿಯಲ್ಲಿ ಹೆಸರನ್ನು ಹೊಡೆದ ಮಾತ್ರಕ್ಕೆ ಅವು ತಿರುಗಬೇಕಾದ ಕಾರಣವೇನೂ ಇಲ್ಲ.

ಅಳಿಸುವ ಕ್ರಿಯೆಗೆ ಪ್ರಕೃತಿಯಲ್ಲಿಯೇ ಒಂದು ಕನಿಷ್ಠ ಬೆಲೆಯುಂಟೆಂದು ೧೯೬೧ರಲ್ಲಿ ರಾಲ್ಫ್ ಲ್ಯಾಂಡವರ್ ಎಂಬ ಭೌತವಿಜ್ಞಾನಿ ತೋರಿಸಿಕೊಟ್ಟನು. ಒಂದು ಬಿಟ್ಟನ್ನು, ಎಂದರೆ ಒಂದು ಸೊನ್ನೆ-ಒಂದರ ಗುರುತನ್ನು, ಅಳಿಸಿದಾಗ ಯಂತ್ರವು ಇಂತಿಷ್ಟು ಉಷ್ಣವನ್ನು ಹೊರಗೆ ಚೆಲ್ಲಲೇಬೇಕು. ಬೋಲ್ಟ್ಸ್‌ಮನ್ನನ ಸ್ಥಿರಾಂಕವನ್ನು ನಿರಪೇಕ್ಷ ತಾಪದಿಂದಲೂ ೨ರ ಸ್ವಾಭಾವಿಕ ಲಘುಗಣಕದಿಂದಲೂ ಗುಣಿಸಿದರೆ ಈ ಮೊತ್ತವು ಬರುತ್ತದೆ. ನಮ್ಮ ಮಂಗಳೂರಿನ ಹವೆಯಂತೆ ೨೭ ಡಿಗ್ರಿ ಸೆಲ್ಸಿಯಸ್ ತಾಪವನ್ನು ಹಿಡಿದರೆ, ೨.೯ ಜೂಲನ್ನು ಕೋಟಿ ಕೋಟಿ ಕೋಟಿ ಪಾಲು ಮಾಡಿದಾಗ ದೊರೆಯುವ ಒಂದು ಪಾಲು ಅದು. ೨೦೧೨ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ, ಲೇಸರ್ ಬೆಳಕಿನಲ್ಲಿ ಹಿಡಿದಿಟ್ಟ ಒಂದು ಸೂಕ್ಷ್ಮ ಕಣದ ಮೇಲೆ ಪ್ರಯೋಗ ನಡೆಸಿ ಈ ನಿಯಮವನ್ನು ಪರೀಕ್ಷಿಸಿದರು. ಅದು ನಿಜವೆಂದು ಕಂಡುಬಂದಿತು.

ಒಂದು ಟೆರಾಬೈಟನ್ನು ಪೂರ್ತಿಯಾಗಿ ಅಳಿಸಲು ಈ ಲೆಕ್ಕದಂತೆ ಬೇಕಾಗುವ ಕನಿಷ್ಠ ಶಕ್ತಿಯನ್ನು ನೀವೇ ಗುಣಿಸಿ ನೋಡಿರಿ: ೨ ಮಿಲಿಗ್ರಾಂ ತೂಗುವ ಒಂದು ಸಾಸಿವೆ ಕಾಳನ್ನು ಒಂದು ಮಿಲಿಮೀಟರಿಗಿಂತ ಕೊಂಚ ಹೆಚ್ಚು ಎತ್ತರಕ್ಕೆ ಎತ್ತಲು ಬೇಕಾಗುವಷ್ಟು. ನಮ್ಮ ಯಂತ್ರಗಳು ಇದಕ್ಕಿಂತ ಬಹುಪಾಲು ಹೆಚ್ಚು ವ್ಯಯಿಸುತ್ತವೆ, ನಿಜ. ಬೆಲೆಯು ಎಷ್ಟೇ ಅಲ್ಪವಾಗಿರಲಿ, ಅದನ್ನು ತೆರದೆ ಅಳಿಸುವುದು ಸಾಧ್ಯವಿಲ್ಲವೆಂಬುದೇ ಇಲ್ಲಿ ಮುಖ್ಯವಾದ ಮಾತು. ಬುಟ್ಟಿಯನ್ನು ಬರಿದು ಮಾಡಿದಾಗ ನಾವು ಸೂಚಿಯ ಕೆಲವೇ ಬಿಟ್ಟುಗಳಿಗೆ ಬೆಲೆ ತೆತ್ತಿರುತ್ತೇವೆ. ಕಡತದ ಬಿಟ್ಟುಗಳಿಗೆ ತೆತ್ತಿರುವುದಿಲ್ಲ.

ಈಚಿನ ಯಂತ್ರಗಳಲ್ಲಿ ತಿರುಗುವ ತಟ್ಟೆಯ ಬದಲು ಘನಸ್ಥಿತಿಯ ಸ್ಮೃತಿಫಲಕಗಳು ಬಂದಿವೆ. ಇವುಗಳಲ್ಲಿ ಅಯಸ್ಕಾಂತಗಳಿಲ್ಲ, ಅವಾಹಕದ ನಡುವೆ ಸೆರೆಸಿಕ್ಕ ಇಲೆಕ್ಟ್ರಾನುಗಳೇ ಗುರುತು. ಇಲ್ಲಿ ಹಳೆಯ ಬರಹದ ಮೇಲೆ ನೇರವಾಗಿ ಹೊಸದನ್ನು ಬರೆಯಲಾಗದು. ದೊಡ್ಡದೊಂದು ಖಂಡವನ್ನೇ ಮೊದಲು ಬರಿದು ಮಾಡಬೇಕು. ಆದಕಾರಣ ಯಾವ ಅಂಕಣಗಳು ಬೇಡವಾಗಿವೆ ಎಂಬುದನ್ನು ವ್ಯವಸ್ಥೆಯು ಮುಂಚಿತವಾಗಿಯೇ ಫಲಕಕ್ಕೆ ತಿಳಿಸುತ್ತದೆ. 'ಟ್ರಿಮ್' ಎಂಬ ಈ ಏರ್ಪಾಡು ೨೦೦೯ರ ವಿಂಡೋಸ್ ೭ರಿಂದ ಬಳಕೆಯಲ್ಲಿದೆ. ಇದರ ಫಲವಾಗಿ ಇಂಥ ಫಲಕದಿಂದ ಅಳಿಸಿದ ಕಡತವು ಬಹುಬೇಗ, ನಿಜವಾಗಿಯೇ ಹೋಗಿಬಿಡಬಹುದು. ಒಂದೇ ಕೀಲಿ, ಒಂದೇ ಬುಟ್ಟಿ. ಆದರೆ ಒಳಗಿರುವ ವಸ್ತುವು ಬೇರೆಯಾದರೆ ಪರಿಣಾಮವೂ ಬೇರೆ.

ಕಣ್ಮರೆಯಾದುದು ಇಲ್ಲವಾದುದಲ್ಲ

ಕಣ್ಣಿಗೆ ಕಾಣದಿರುವುದನ್ನು ಇಲ್ಲವೆಂದು ಭಾವಿಸುವುದು ಗಣಕಯಂತ್ರಕ್ಕೆ ಮಾತ್ರ ಮೀಸಲಾದ ದೋಷವಲ್ಲ. ನಮ್ಮ ನಗರದ ಕಸವನ್ನು ವರ್ಷಗಟ್ಟಲೆ ಪಚ್ಚನಾಡಿಯ ಅಂಗಳಕ್ಕೆ ಸಾಗಿಸಿದೆವು. ಮನೆಯ ಬುಟ್ಟಿ ಬರಿದಾದೊಡನೆ ಕಸವು ಮುಗಿಯಿತೆಂದೇ ನಗರವಾಸಿಗಳಾದ ನಾವು ಭಾವಿಸಿದ್ದೆವು. ೨೦೧೯ರ ಆಗಸ್ಟ್ ತಿಂಗಳ ಮಳೆಯಲ್ಲಿ ಆ ರಾಶಿಯು ಕುಸಿದು ಕೆಳಗಿನ ಮಂದಾರ ಪ್ರದೇಶದ ಮೇಲೆ ಹರಿಯಿತು. ತೆಂಗು ಕಂಗಿನ ತೋಟಗಳು ಕಸದಡಿ ಹುದುಗಿದುವು. ಅನೇಕ ಕುಟುಂಬಗಳು ಮನೆಯನ್ನು ಬಿಟ್ಟು ಹೊರಡಬೇಕಾಯಿತು. ಒಂದು ಕಡೆಯಿಂದ ತೆಗೆದ ವಸ್ತುವು ಇನ್ನೊಂದು ಕಡೆ ಇದ್ದೇ ಇರುತ್ತದೆಂಬ ಪಾಠವನ್ನು ಅಂದು ಕಲಿಯಬೇಕಾದವರು ನಾವು; ಅದರ ದಂಡವನ್ನು ತೆತ್ತವರು ಅವರು.

ಗಣಕಯಂತ್ರದ ಕಸದ ವಿಷಯದಲ್ಲಿಯೂ ಎಸೆದವನೊಬ್ಬ, ನಷ್ಟಪಡುವವನು ಇನ್ನೊಬ್ಬ ಎಂದಾಗುವುದುಂಟು. ಅಮೆರಿಕದ ಎಂ.ಐ.ಟಿ.ಯ ಇಬ್ಬರು ಸಂಶೋಧಕರು, ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಾಟ್, ಬಳಸಿ ಮಾರಿದ ೧೫೮ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, ೨೦೦೩ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ ೧೨೯ ಡಿಸ್ಕುಗಳಲ್ಲಿ ಸರಿಯಾಗಿ ಒರಸಿದ್ದುವು ೧೨ ಮಾತ್ರ. ಉಳಿದುವುಗಳಲ್ಲಿ ವೈದ್ಯಕೀಯ ಪತ್ರಗಳೂ ಪ್ರೇಮಪತ್ರಗಳೂ ೫,೦೦೦ಕ್ಕೂ ಮಿಕ್ಕಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ ದೊರೆತುವು. ಮಾರಿದವರಲ್ಲಿ ಅನೇಕರು ತಮ್ಮ ಕಡತಗಳನ್ನು ಅಳಿಸಿಯೇ ಕೊಟ್ಟಿದ್ದರು, ಅಳಿಸಿದೆವೆಂದು ನಂಬಿದ್ದರು.

ನಮ್ಮ ನಾಡಿನಲ್ಲಿ ಇದಕ್ಕೆ ಹತ್ತಿರವಾದ ಸನ್ನಿವೇಶವು ಕಾಲೇಜುಗಳ ಎದುರಿಗಿರುವ ಜೆರಾಕ್ಸ್ ಅಂಗಡಿಗಳಲ್ಲಿ ದಿನನಿತ್ಯ ಕಾಣುವಂಥದು. ವಿದ್ಯಾರ್ಥಿನಿಯೊಬ್ಬಳು ಪ್ರವೇಶದ ಅರ್ಜಿಗಾಗಿ ತನ್ನ ಆಧಾರ್ ಪತ್ರವನ್ನೂ ಅಂಕಪಟ್ಟಿಯನ್ನೂ ಅಂಗಡಿಯ ಯಂತ್ರದಲ್ಲಿ ತೆರೆದು ಮುದ್ರಿಸಿಕೊಳ್ಳುತ್ತಾಳೆ. ಬಳಿಕ ಜಾಗರೂಕತೆಯಿಂದ 'ಡಿಲೀಟ್' ಮಾಡಿ ಹೊರಡುತ್ತಾಳೆ. ಪತ್ರಗಳು ಅಂಗಡಿಯ ಬುಟ್ಟಿಯಲ್ಲಿ ಕುಳಿತಿರುತ್ತವೆ. ಮುಂದೆ ಬರುವ ನೂರು ಮಂದಿಯಲ್ಲಿ ಯಾರಾದರೂ ಆ ಬುಟ್ಟಿಯನ್ನು ತೆರೆದು 'ಮರಳಿಸು' ಎನ್ನಬಹುದು. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ೨೦೨೨ರ ಮೇ ೨೭ರಂದು ಒಂದು ಪ್ರಕಟಣೆಯನ್ನು ಹೊರಡಿಸಿತು. ಸಾರ್ವಜನಿಕ ಗಣಕಯಂತ್ರಗಳಲ್ಲಿ ಆಧಾರ್ ಪತ್ರವನ್ನು ಇಳಿಸಿಕೊಳ್ಳಬಾರದು, ಇಳಿಸಿಕೊಂಡರೆ ಅದರ ಪ್ರತಿಗಳನ್ನೆಲ್ಲ ಶಾಶ್ವತವಾಗಿ ಅಳಿಸಬೇಕು ಎಂಬ ಎಚ್ಚರಿಕೆಯೂ ಅದರಲ್ಲಿದ್ದಿತು. ಜನರು ಅದನ್ನು ತಪ್ಪಾಗಿ ಅರ್ಥಮಾಡಿಕೊಳ್ಳಬಹುದೆಂದು ಕೇಂದ್ರ ಸರಕಾರವು ಎರಡು ದಿನಗಳ ಬಳಿಕ ಪ್ರಕಟಣೆಯನ್ನು ಹಿಂತೆಗೆದುಕೊಂಡಿತು. 'ಶಾಶ್ವತವಾಗಿ' ಎಂಬ ಒಂದು ಮಾತಿನಲ್ಲಿ ಎಷ್ಟು ಹೆಜ್ಜೆಗಳು ಅಡಗಿವೆ ಎಂಬುದು ಈ ತನಕ ಓದಿದವರಿಗೆ ತಿಳಿದಿದೆ. ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮದಲ್ಲಿ, ತನ್ನ ಕುರಿತ ದತ್ತಾಂಶವನ್ನು ಅಳಿಸಬೇಕೆಂದು ಕೇಳುವ ಹಕ್ಕನ್ನು ಪ್ರಜೆಗೆ ಕೊಡಲಾಗಿದೆ. ಹಕ್ಕನ್ನು ಚಲಾಯಿಸಲು ಅಳಿಸುವುದೆಂದರೆ ಏನೆಂಬ ಅರಿವು ಮೊದಲು ಬೇಕು.

ಬುಟ್ಟಿಯೇ ಪೆಟ್ಟಿಗೆಯಾದರೆ

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ತಪ್ಪುಕಲ್ಪನೆಯುಂಟು. ಕೆಲವರು ಕಸದ ಬುಟ್ಟಿಯನ್ನು ಕಡತಗಳ ಪೆಟ್ಟಿಗೆಯಾಗಿ ಬಳಸುತ್ತಾರೆ! ಓದಿ ಮುಗಿದ ಮಿಂಚಂಚೆಗಳು ಕಣ್ಣೆದುರಿನಿಂದ ತೊಲಗಬೇಕು, ಆದರೆ ಮುಂದೆಂದಾದರೂ ಬೇಕಾದರೆ ಇರಬೇಕು. ಇದಕ್ಕೆ ಒಂದೇ ಕೀಲಿಯಲ್ಲಿ ಒದಗುವ ಸ್ಥಳವೆಂದರೆ ಬುಟ್ಟಿ. ಹೀಗೆ ಇಡುವವರನ್ನು ಮೂರ್ಖರೆಂದು ಹಳಿಯುವುದು ಸರಿಯಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಅಟ್ಟವೆಂಬುದೊಂದು ಇದ್ದಿತು. ಬೇಕೂ ಅಲ್ಲದ ಬೇಡವೂ ಅಲ್ಲದ ವಸ್ತುಗಳೆಲ್ಲ ಅಲ್ಲಿಗೆ ಏರುತ್ತಿದ್ದುವು. ಗಣಕಯಂತ್ರವನ್ನು ರಚಿಸಿದವರು ಕಚೇರಿಯ ಮೇಜನ್ನೂ ಬುಟ್ಟಿಯನ್ನೂ ಚಿತ್ರಿಸಿದರು, ಅಟ್ಟವನ್ನು ಚಿತ್ರಿಸಲಿಲ್ಲ. ಅಟ್ಟವಿಲ್ಲದ ಮನೆಯವರು ಬುಟ್ಟಿಯನ್ನೇ ಅಟ್ಟವಾಗಿ ಮಾಡಿಕೊಂಡರು.

ಆದರೆ ಅಟ್ಟಕ್ಕಿರುವ ಭದ್ರತೆಯು ಬುಟ್ಟಿಗಿಲ್ಲ. ಜೀಮೇಲಿನ ಬುಟ್ಟಿಯಲ್ಲಿರುವ ಪತ್ರವು ೩೦ ದಿನಗಳ ಮೇಲೆ ತಾನಾಗಿ ಅಳಿದುಹೋಗುತ್ತದೆ. ಗೂಗಲ್ ಡ್ರೈವಿನ ಬುಟ್ಟಿಯಲ್ಲಿ ಹಿಂದೆ ಕಡತಗಳು ಎಷ್ಟು ಕಾಲ ಬೇಕಾದರೂ ಉಳಿಯುತ್ತಿದ್ದುವು. ೨೦೨೦ರ ಅಕ್ಟೋಬರ್ ೧೩ರಿಂದ ಅಲ್ಲಿಯೂ ೩೦ ದಿನಗಳ ಮಿತಿ ಬಂದಿತು. ಹಳೆಯ ವಾಡಿಕೆಯನ್ನು ನಂಬಿ ಬುಟ್ಟಿಯಲ್ಲಿ ಕಡತಗಳನ್ನು ಕೂಡಿಟ್ಟವರಿಗೆ ಆ ದಿನ ಅಟ್ಟವೇ ಕುಸಿದಂತೆ. ವಿಂಡೋಸಿನ ಬುಟ್ಟಿಗೂ ಗಾತ್ರದ ಮಿತಿಯುಂಟು. ಮಿತಿ ಮೀರಿದರೆ ಹಳೆಯ ಕಡತಗಳು ಸದ್ದಿಲ್ಲದೆ ಹೊರಬೀಳುತ್ತವೆ.

ಇನ್ನು ಕೆಲವು ಕಡತಗಳು ಬುಟ್ಟಿಗೆ ಬರುವುದೇ ಇಲ್ಲ. 'ಶಿಫ್ಟ್' ಕೀಲಿಯನ್ನು ಹಿಡಿದು ಅಳಿಸಿದುದು, ಬುಟ್ಟಿಯ ಅಳತೆಗಿಂತ ದೊಡ್ಡದಾದುದು, ಜಾಲದ ಮೂಲಕ ಬೇರೆ ಯಂತ್ರದಲ್ಲಿ ಅಳಿಸಿದುದು ಇವೆಲ್ಲ ನೇರವಾಗಿ ಹೋಗುತ್ತವೆ. ವಿದ್ಯಾರ್ಥಿಗಳು ಮುಖ್ಯವಾಗಿ ನೆನಪಿಡಬೇಕಾದುದು ಪೆನ್ ಡ್ರೈವಿನ ವಿಷಯ. ವಿಂಡೋಸಿನಲ್ಲಿ ಪೆನ್ ಡ್ರೈವಿನಿಂದ ಅಳಿಸಿದ ಕಡತವು ಸಾಮಾನ್ಯವಾಗಿ ಬುಟ್ಟಿಗೆ ಬರುವುದಿಲ್ಲ. ವರ್ಷದ ಕೊನೆಯಲ್ಲಿ ಪ್ರಾಜೆಕ್ಟ್ ವರದಿಯನ್ನು ಹೀಗೆ ಕಳೆದುಕೊಂಡು, 'ಬುಟ್ಟಿಯಲ್ಲಿ ಹುಡುಕಿದೆವು, ಸಿಗಲಿಲ್ಲ' ಎಂದು ಬರುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಆರು ತಿಂಗಳ ಅಳತೆಗಳೆಲ್ಲ ಒಂದು ಬೆರಳ ತುದಿಯಲ್ಲಿ ಹೋಗಿರುತ್ತವೆ.

ಬಲ್ಲವರಿಗೂ ಇಂಥ ಗತಿ ಒದಗಿದೆ. ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ ೨' ಎಂಬ ಚಲನಚಿತ್ರವು ತಯಾರಾಗುತ್ತಿದ್ದಾಗ, ಯಾರೋ ಒಬ್ಬರು 'ಎಲ್ಲವನ್ನೂ ಅಳಿಸು' ಎಂಬ ಆಜ್ಞೆಯನ್ನು ಕೊಟ್ಟರು. ಆ ಯಂತ್ರಗಳಲ್ಲಿ ಆ ಆಜ್ಞೆಗೆ ಬುಟ್ಟಿಯೇ ಇರಲಿಲ್ಲ. ಚಿತ್ರದ ಬಹುಭಾಗವು ಕಣ್ಣೆದುರೇ ಮಾಯವಾಯಿತು. ಕಾದಿಟ್ಟ ಪ್ರತಿಗಳನ್ನು ತೆಗೆದು ನೋಡಿದರೆ ಅವೂ ಕೆಟ್ಟಿದ್ದುವು. ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯು ಹೆರಿಗೆಯಾದ ಬಳಿಕ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಆಕೆಯ ಮನೆಯ ಯಂತ್ರದಲ್ಲಿ ಒಂದು ಪ್ರತಿಯಿದ್ದಿತು. ಚಿತ್ರವನ್ನು ಉಳಿಸಿದುದು ಆ ಎರಡನೆಯ ಪ್ರತಿ.

ಓದುಗರಿಗೆ ಕೆಲವು ಸೂಚನೆಗಳು

ಇಷ್ಟನ್ನು ತಿಳಿದ ಮೇಲೆ ನಿತ್ಯದ ನಡವಳಿಕೆಯನ್ನು ತಿದ್ದಿಕೊಳ್ಳುವುದು ಕಷ್ಟವಲ್ಲ. ಬೇಕಾದ ಕಡತವನ್ನು ತಪ್ಪಿ ಅಳಿಸಿದರೆ ಮೊದಲು ಬುಟ್ಟಿಯನ್ನು ನೋಡಿರಿ. ಅಲ್ಲಿ ಇಲ್ಲವಾದರೆ ಆ ಡಿಸ್ಕನ್ನು ಬಳಸುವುದನ್ನು ಕೂಡಲೇ ನಿಲ್ಲಿಸಿರಿ. ನೀವು ಬರೆಯುವ ಪ್ರತಿಯೊಂದು ಹೊಸ ಕಡತವೂ ಹಳೆಯ ಮೂಟೆಯ ಮೇಲೆ ಕುಳಿತೀತು. ಕಳೆದುದನ್ನು ಹುಡುಕುವ ತಂತ್ರಾಂಶವನ್ನು ಅದೇ ಡಿಸ್ಕಿನಲ್ಲಿ ಸ್ಥಾಪಿಸುವುದು ಸಹ ಸಲ್ಲದು. ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಹುಡುಕಿಸಬೇಕು. ಓದಿ ಬದಿಗಿಡಬೇಕಾದ ಪತ್ರಗಳಿಗೆ 'ಆರ್ಕೈವ್' ಎಂಬ ಬೇರೆಯೇ ಏರ್ಪಾಡುಂಟು. ಅಟ್ಟದ ಕೆಲಸಕ್ಕೆ ಅದನ್ನು ಬಳಸಿರಿ.

ಪರರ ಯಂತ್ರದಲ್ಲಿ ನಿಮ್ಮ ಪತ್ರಗಳನ್ನು ಮುದ್ರಿಸಿದರೆ, ಅಳಿಸಿದ ಬಳಿಕ ಬುಟ್ಟಿಯಿಂದಲೂ ತೆಗೆಯಿರಿ. ಇಳಿಸಿಕೊಂಡ ಕಡತಗಳ ಕೋಶವನ್ನು ಒಮ್ಮೆ ತೆರೆದು ನೋಡಿರಿ. ಇದು ಪೂರ್ಣ ರಕ್ಷಣೆಯಲ್ಲವಾದರೂ ದಾರಿಹೋಕನ ಕೈಗೆ ಸಿಗದಂತೆ ಮಾಡುತ್ತದೆ. ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮುನ್ನ ಇಡೀ ಡಿಸ್ಕಿನ ಮೇಲೆ ಒಮ್ಮೆ ಬೇರೆ ಅಂಕಿಗಳನ್ನು ಬರೆಯಿಸಬೇ­ಕು. ಘನಸ್ಥಿತಿಯ ಫಲಕವಾದರೆ ಅದರ ತಯಾರಕರು ಒದಗಿಸುವ ಅಳಿಸುವ ಆಜ್ಞೆಯನ್ನು ಬಳಸಬೇಕು. ಇಂದಿನ ಫೋನುಗಳಲ್ಲಿ ವಿಷಯವೆಲ್ಲ ಗೂಢಲಿಪಿಯಲ್ಲಿ ಇರುವುದರಿಂದ, 'ರೀಸೆಟ್' ಮಾಡಿದಾಗ ಆ ಲಿಪಿಯನ್ನು ಬಿಡಿಸುವ ಕೀಲಿಕೈಯೇ ನಾಶವಾಗಿ, ಉಳಿದುದು ಯಾರಿಗೂ ಓದಲಾಗದ ರಾಶಿಯಾಗುತ್ತದೆ. ಹಾಗೆ ಮಾಡದೆ ಫೋನನ್ನು ಮಾರಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಒಂದು. ಪ್ರಯೋಗದ ಅಳತೆಗಳು, ಪ್ರಾಜೆಕ್ಟ್ ವರದಿ, ಮನೆಯವರ ಚಿತ್ರಗಳು ಇಂಥವುಗಳ ಒಂದು ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇಟ್ಟಿರಿ. ತಿಂಗಳಿಗೊಮ್ಮೆ ಅದನ್ನು ತೆರೆದು, ಓದಲು ಬರುತ್ತದೆಯೇ ಎಂದು ಪರೀಕ್ಷಿಸಿರಿ. ಈ ಲೇಖನವನ್ನು ಓದಿ ಮುಗಿಸಿದ ಬಳಿಕ ನಿಮ್ಮ ಯಂತ್ರದ ಬುಟ್ಟಿಯನ್ನೊಮ್ಮೆ ತೆರೆದು ನೋಡಬಹುದು. ನೀವು ಎಂದೋ ಹೋಯಿತೆಂದು ತಿಳಿದಿದ್ದ ಕಡತವೊಂದು, ಅದನ್ನು ಎಸೆದ ದಿನಾಂಕದೊಡನೆ ಅಲ್ಲಿ ಇದ್ದರೂ ಇದ್ದೀತು.